ನಾಯಕರ ಬಾವಿಯ ಹಳದಿ ಜೋಡಿ

ಸೋಮವಾರ ಬೆಳಿಗ್ಗೆ ಚಾವಡಿಯ ಬಾಗಿಲು ತೆಗೆದಾಗ ಗಾಜಿನ ತೊಟ್ಟಿಯಲ್ಲಿ ಇನ್ನೊಂದು ಮೀನು ಮಗುಚಿಕೊಂಡು ತೇಲುತ್ತಿತ್ತು. ಹೆಲ್ತ್ ಇನ್‌ಸ್ಪೆಕ್ಟರ್ ನಾಗಲಿಂಗಯ್ಯ ಅದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು ನೋಡಿದ. ಬಾಲದ ಅರ್ಧ ಹರಿದಿತ್ತು. ಎಡ ಪಕ್ಕೆಯಲ್ಲಿ ಐದು ಹುರುಪೆ ಕಿತ್ತುಹೋಗಿದ್ದವು. ಮೂರು ವಾರದಲ್ಲಿ ಇದು ಹನ್ನೊಂದನೆಯದು.

ಯುಗಾದಿಗೆ ಇಪ್ಪತ್ತು ದಿನ ಉಳಿದಿತ್ತು. ಅಷ್ಟರೊಳಗೆ ಈ ತೊಟ್ಟಿಯಲ್ಲಿ ಹದಿನಾಲ್ಕು ದಿನ ಒಂದು ಮೀನೂ ಸಾಯದೆ ಇರಬೇಕು. ಹಾಗಾಗದಿದ್ದರೆ ಗುಂಡುಗಲ್ಲಹಟ್ಟಿಯ ಜನ ಈ ವರ್ಷವೂ ಜ್ವರದಲ್ಲಿ ಮಲಗುವುದು ಖಂಡಿತ ಎಂದು ಅವನಿಗೆ ಗೊತ್ತಿತ್ತು.

ಗುಂಡುಗಲ್ಲಹಟ್ಟಿ ದೊಡ್ಡೇರಿಯಿಂದ ಮೂರು ಮೈಲಿ. ಊರಲ್ಲಿ ಇನ್ನೂರ ಹನ್ನೆರಡು ಜನ. ಹಿಂದಿನ ಮಳೆಗಾಲದಲ್ಲಿ ತೊಂಬತ್ತೊಂದು ಜನಕ್ಕೆ ಚಳಿಜ್ವರ ಬಂದು ಆರು ಜನ ಸತ್ತಿದ್ದರು. ನಾಗಲಿಂಗಯ್ಯ ಐವತ್ತೆಂಟು ಮಕ್ಕಳ ಹೊಟ್ಟೆ ಒತ್ತಿ ನೋಡಿದ್ದ. ಮೂವತ್ತೇಳು ಮಕ್ಕಳಿಗೆ ಜ್ವರಗಡ್ಡೆ, ಅಂದರೆ ಜ್ವರಕ್ಕೆ ಊದಿದ ಗುಲ್ಮ, ಕೈಗೆ ಸಿಕ್ಕಿತ್ತು. ಸೊಳ್ಳೆ ಹುಟ್ಟುತ್ತಿದ್ದ ಜಾಗವನ್ನೂ ಅವನೇ ಪತ್ತೆ ಹಚ್ಚಿದ್ದ. ಅದು ಊರಿಗೆಲ್ಲ ಕುಡಿಯುವ ನೀರು ಕೊಡುವ ನಾಯಕರ ಬಾವಿ. ನಾಲ್ಕೂ ಕಡೆ ಮೆಟ್ಟಿಲಿದ್ದ ಆ ಬಾವಿಯ ದಕ್ಷಿಣದ ಮೆಟ್ಟಿಲಿನ ಪಾಚಿಯಲ್ಲಿ ಒಂದು ಸೌಟು ನೀರು ಎತ್ತಿದರೆ ಹದಿನೈದಿಪ್ಪತ್ತು ಸೊಳ್ಳೆಮರಿ ಬರುತ್ತಿದ್ದವು.

ಇದಕ್ಕೆ ಮದ್ದು ದೊಡ್ಡೇರಿ ಕೆರೆಯ ಕಾಲುವೆಯಲ್ಲೇ ಇತ್ತು. ಎರಡು ಅಂಗುಲದ ಸಣ್ಣ ಮೀನು, ನೆತ್ತಿಯ ಮೇಲೆ ಮುತ್ತು ಅಂಟಿಸಿದಂಥ ಬಿಳಿ ಚುಕ್ಕೆ. ನೀರಿನ ಮೇಲ್ಪದರ ಬಿಟ್ಟು ಕೆಳಗಿಳಿಯದ ಈ ಮೀನು ದಿನವಿಡೀ ಸೊಳ್ಳೆಮರಿಯನ್ನು ಹೆಕ್ಕಿ ತಿನ್ನುತ್ತದೆ. ಹಿಂದಿನ ವರ್ಷ ನಾಗಲಿಂಗಯ್ಯ ಇಂಥ ಹನ್ನೆರಡು ಬಿಳಿಚುಕ್ಕೆಗಳನ್ನು ತಂದು ಬಾವಿಗೆ ಬಿಟ್ಟಿದ್ದ. ಐದು ದಿನದಲ್ಲಿ ಏಳು ಸತ್ತು ತೇಲಿದವು. ಕುಡಿಯುವ ನೀರಲ್ಲಿ ಹೆಣ ತೇಲಿಸಿದ ಎಂದು ಊರು ಅವನ ಮೇಲೆ ತಿರುಗಿಬಿತ್ತು.

ಕೊಂದದ್ದು ಬಾವಿಯ ಹಳೆಯ ಒಡೆಯರು. ಆ ಬಾವಿಯಲ್ಲಿ ಮೊದಲಿನಿಂದಲೂ ಹಳದಿ ಮೀನುಗಳಿದ್ದವು. ಮೂರು ಅಂಗುಲ ಉದ್ದ, ತೆಳ್ಳಗೆ ತಟ್ಟೆಯಂಥ ಮೈ, ಅರಿಶಿನದ ಬಣ್ಣ, ಪಕ್ಕೆಯಲ್ಲಿ ಒಂದು ಕಪ್ಪು ಬೊಟ್ಟು, ಅದರ ಸುತ್ತ ಕೆಂಪು ಚುಕ್ಕೆಗಳ ಸಾಲು. ಯಾವಾಗಲೂ ಜೋಡಿಯಾಗಿಯೇ ಇರುತ್ತಿದ್ದವು; ತಮ್ಮ ಕಲ್ಲಿನ ಹತ್ತಿರ ಯಾರು ಸುಳಿದರೂ ಅಟ್ಟಿಸಿಕೊಂಡು ಹೋಗುತ್ತಿದ್ದವು. ಊರಿನವರಿಗೆ ಅವು ದೇವರ ಮೀನು. ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ. ಬಾವಿಯ ಪೂಜೆ ಓಬಳಯ್ಯನ ಮನೆತನದ್ದು. ಅವನ ಹಿರೀಕರು ಮಧುಗಿರಿ ಕೋಟೆ ಕಾದವರು. ಕೋಟೆಯ ಕೆಲಸ ಹೋದ ಮೇಲೂ ಬಾವಿ ಕಾಯುವ ಕೆಲಸ ಉಳಿದಿತ್ತು.

ಓಬಳಯ್ಯನೂ ಪಟೇಲ ಅಡವಯ್ಯನೂ ಕೂತು ಕೊನೆಗೆ ಒಂದು ಮಾತಿಗೆ ಬಂದಿದ್ದರು. ಒಂದು ಜೋಡಿ ದೇವರ ಮೀನನ್ನು ಗಾಜಿನ ತೊಟ್ಟಿಗೆ ಕೊಡುವುದು. ಹೊರಗಿನ ಮೀನು ಅವುಗಳ ಜೊತೆ ಹದಿನಾಲ್ಕು ದಿನ ಬದುಕಿ ತೋರಿಸಿದರೆ ಬಾವಿಗೆ ಬಿಡುವುದು. ಪೂಜೆಯ ಕಟ್ಟಳೆಯಂತೆ ಯುಗಾದಿಯಿಂದ ಮೂರು ತಿಂಗಳು ಆ ಬಾವಿಗೆ ಹೊರಗಿನದು ಏನನ್ನೂ ಇಳಿಸುವಂತಿಲ್ಲ. ಆಮೇಲೆ ಮಳೆ, ಮಳೆಯ ಹಿಂದೆಯೇ ಜ್ವರ.

ತೊಟ್ಟಿಯನ್ನು ಸಿರಾದಲ್ಲಿ ತಗಡಿನ ಕೆಲಸ ಮಾಡುವ ಸಾಬರೊಬ್ಬರಿಂದ ನಾಗಲಿಂಗಯ್ಯ ಮಾಡಿಸಿ ತಂದಿದ್ದ. ಉದ್ದ ಮೂರು ಅಡಿ, ಅಗಲ ಒಂದೂವರೆ, ಎತ್ತರ ಒಂದೂವರೆ. ಒಂಬತ್ತು ಸೀಮೆಎಣ್ಣೆ ಡಬ್ಬದಷ್ಟು ಬಾವಿಯ ನೀರು ಹಿಡಿಯುತ್ತಿತ್ತು. ತಳಕ್ಕೆ ಮರಳು, ಈಶಾನ್ಯ ಮೂಲೆಗೆ ಓಬಳಯ್ಯ ಬಾವಿಯಿಂದಲೇ ತಂದಿಟ್ಟ ಚಪ್ಪಡಿ ಕಲ್ಲು. ನಾಗಲಿಂಗಯ್ಯ ಕಲ್ಲುಗಳ ಜಾಗವನ್ನು ಡೈರಿಯಲ್ಲಿ ಚಿತ್ರ ಬರೆದುಕೊಂಡಿದ್ದ. ನಾಲ್ಕು ದಿನಕ್ಕೊಮ್ಮೆ ತೊಟ್ಟಿ ತೊಳೆದರೂ ಚಿತ್ರ ನೋಡಿ ಒಂದೊಂದು ಕಲ್ಲನ್ನೂ ಅಲ್ಲಲ್ಲೇ ಕೂರಿಸುತ್ತಿದ್ದ. ಮೀನಿಗೆ ಗಾಬರಿಯಾಗಬಾರದು ಎಂಬುದು ಅವನ ಲೆಕ್ಕಾಚಾರ. ಹಸಿವಿಗೆ ಕಚ್ಚುತ್ತಿರಬಹುದೆಂದು ದಿನಕ್ಕೆ ಮೂರು ಹೊತ್ತು ಸೊಳ್ಳೆಮರಿ ಹಾಕಿ ನೋಡಿದ್ದ. ಹೊಟ್ಟೆ ತುಂಬಿದ ಮೇಲೆ ಹಳದಿ ಗಂಡು ಇನ್ನೂ ಜೋರಾಗಿ ಅಟ್ಟಿತ್ತು.

ಆ ಸೋಮವಾರ ಮೊಮ್ಮಗಳಿಗೆ ಕ್ವಿನೈನ್ ಪುಡಿ ಕೇಳಲು ಗೊಲ್ಲರ ಹಟ್ಟಿಯ ಕ್ಯಾತಮ್ಮ ಬಂದಳು. ಐವತ್ತರ ಮೇಲಿನ ಹೆಂಗಸು. ಗಂಡಸರು ಕುರಿ ಹೊಡೆದುಕೊಂಡು ಮೇವಿನ ಕಾವಲಿಗೆ ಹೋದರೆ ರೊಪ್ಪದಲ್ಲಿ ಮರಿಗಳನ್ನು ನೋಡಿಕೊಳ್ಳುವುದು ಆಕೆಯ ಕೆಲಸ. ಕುರಿ ಕೂಡುವ ಬೇಲಿಗೆ ಅಲ್ಲಿ ರೊಪ್ಪ ಎನ್ನುತ್ತಾರೆ. ಪುಡಿ ಸೆರಗಿಗೆ ಕಟ್ಟಿಕೊಂಡವಳು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಮೀನುಗಳನ್ನು ನೋಡಿದಳು.

"ಸ್ವಾಮಿ, ಆ ಮೂಲೆ ಕಲ್ಲು ಯಾರ್ದು?"

"ಹಳದಿ ಜೋಡೀದು. ಅಲ್ಲೇ ಇರ್ತವೆ."

"ಅವು ಎಂದು ಬಂದೋ, ಇವು ಎಂದು ಬಂದೋ?"

"ಹಳದಿ ಮೂರು ದಿನ ಮೊದಲು. ಓಬಳಯ್ಯ ಹೇಳಿದ, ದೇವರ ಮೀನಿಗೆ ಮೊದಲ ಮರ್ಯಾದೆ ಆಗಬೇಕು ಅಂತ. ಪ್ರತಿ ಸಲವೂ ಹಾಗೇ ಬಿಟ್ಟಿದೀನಿ."

ಕ್ಯಾತಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಮರ್ಯಾದೆ ಕೊಟ್ಟು ಕೊಟ್ಟೇ ಕೊಲೆ ಮಾಡ್ಸೀರಿ ಬುಡಿ. ಟಗರಿಗೆ ಮೂರು ದಿನ ರೊಪ್ಪ ಬುಟ್ಟುಕೊಟ್ಟು, ಆಮೇಲೆ ಕಂಡೋರ ಕುರಿ ಒಳೀಕ್ಕೆ ತಳ್ಳಿದ್ರೆ ಗುದ್ದದೆ ಮುತ್ತಿಕ್ತದಾ?"

"ಮತ್ತೆ ನೀವು ಹೊಸ ಟಗರು ತಂದರೆ ಏನು ಮಾಡ್ತೀರಮ್ಮ?"

"ಹಳೇ ರೊಪ್ಪಕ್ಕೆ ತರಾಕಿಲ್ಲ. ತಟ್ಟಿ ಎಲ್ಲಾ ಕಿತ್ತು ಬ್ಯಾರೆ ಕಡೆ ಹೊಸ ರೊಪ್ಪ ಹಾಕ್ತೀವಿ. ಆಗ ಹಳೇದೂ ಹೊಸದೇ, ಹೊಸದೂ ಹೊಸದೇ. ನೀವು ನೋಡಿದ್ರೆ ಕಲ್ಲು ತೊಳ್ದು ತೊಳ್ದು ಅಲ್ಲಲ್ಲೇ ಇಕ್ತೀರಿ. ಅವುಕ್ಕೆ ಮನೆ ಬಾಗ್ಲು ತೋರ್ಸಿದಂಗೆ."

ನಾಗಲಿಂಗಯ್ಯ ಡೈರಿ ತೆಗೆದು ತನ್ನ ಚಿತ್ರ ನೋಡಿದ. ಅಷ್ಟು ಅಚ್ಚುಕಟ್ಟಾಗಿ ಬರೆದದ್ದೇ ತಪ್ಪಾಗಿತ್ತು. ಅವನಿಗೆ ಸಿಟ್ಟು ಬರಲಿಲ್ಲ. ಪೆನ್ಸಿಲ್ ಹಿಡಿದು, "ಇನ್ನೇನಿದೆ ಹೇಳಿ" ಎಂದ.

"ಎಷ್ಟು ಸಣ್ಣ ಮೀನು ಬುಡ್ತಿದ್ರಿ?"

"ಆರು."

"ಇಪ್ಪತ್ತು ಇಪ್ಪತ್ನಾಲ್ಕು ಬುಡಿ, ಅವು ಕೂತ ಮೇಲೆ ಹಳದಿ ಬುಡಿ. ಒಂದ್ರ ಮೇಲೇ ಬಿದ್ರೆ ಅದು ಸಾಯ್ತದೆ. ಮಂದೆ ಮೇಲೆ ಬಿದ್ರೆ ಯಾವ್ದುನ್ನ ಅಂತ ಅಟ್ಟಾದು, ಬಿದ್ದೋನೇ ಸುಸ್ತಾಯ್ತಾನೆ. ಇನ್ನೊಂದ್ಮಾತು. ನಡುವೆ ಕಲ್ಲು ಗುಡ್ಡೆ ಹಾಕಿ. ಒಬ್ರಿಗೊಬ್ರು ಕಣ್ಣಿಗೆ ಬಿದ್ರೆ ತಾನೆ ಜಗಳ?"

ಎಲ್ಲಕ್ಕಿಂತ ಕಷ್ಟದ ಕೆಲಸ ಓಬಳಯ್ಯನನ್ನು ಒಪ್ಪಿಸುವುದಾಗಿತ್ತು. ಸಂಜೆ ಚಾವಡಿಯ ಜಗುಲಿಯಲ್ಲಿ ವಿಷಯ ಕೇಳಿ ಅವನು ಎದ್ದೇ ನಿಂತ.

"ಏನಂದ್ರಿ ಸ್ವಾಮಿ? ನಮ್ಮ ದೇವ್ರ ಮೀನು ಕಡೇಗೆ ಹೋಗ್ಬೇಕಾ? ಕಾಲುವೆ ಮೀನೆಲ್ಲಾ ಕೂತ ಮೇಲೆ? ಬೀಗ್ರುನ್ನ ಎಲೆ ಎತ್ತೋರ ಪಂಕ್ತೀಲಿ ಕೂರ್ಸಿದಂಗಾತು."

ಕ್ಯಾತಮ್ಮ ಜಗುಲಿಯ ಕೆಳಗೆ ನಿಂತಿದ್ದಳು. "ಓಬಳಯ್ಯಣ್ಣ, ದೇವ್ರು ಹೊಳೆಗೆ ಹೊಂಟಾಗ ಮುಂದೆ ಯಾರೋಗ್ತಾರೆ?"

"ತಮಟೆಯೋರು."

"ಅವರ ಹಿಂದೆ?"

"ಪಂಜು ಹಿಡಿಯೋರು."

"ದೇವ್ರು?"

ಓಬಳಯ್ಯ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡ.

"ದಾರಿ ಸಾಪಾಗಿ, ಜನ ಎಲ್ಲಾ ನಿಂತ್ಕಂಡ ಮೇಲೆ ತಾನೆ ದೊಡ್ಡೋರು ಬರಾದು. ನೀನು ಇಷ್ಟು ದಿನ ದೇವ್ರನ್ನ ತಮಟೆಗಿಂತ ಮುಂದೆ ಓಡುಸ್ದೆ ಕಣಣ್ಣ."

ಪಟೇಲ ಅಡವಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಿಕ್ಕಾಕ್ಕಂಡೆ ಕಣ್ಲಾ ಓಬಳ! ಕುರಿ ರೊಪ್ಪದಾಗೆ ಸಿಕ್ಕಾಕ್ಕಂಡೆ."

"ನಗಬ್ಯಾಡ ಪಟೇಲ," ಎಂದು ಓಬಳಯ್ಯ ಕೂತ. "ಕಲ್ಲು ಎಲ್ಲಿಡ್ಬೇಕು ಅನ್ನಾದನ್ನ ಮಾತ್ರ ನಾನೇ ಹೇಳ್ತೀನಿ," ಎಂದ. ಈಶಾನ್ಯ ಬಿಟ್ಟು ಬೇರೆ ಎಲ್ಲಿಟ್ಟರೂ ಸರಿ ಎಂದಳು ಕ್ಯಾತಮ್ಮ. ಅವನು ಪೂರ್ವ ಎಂದ. ಅಲ್ಲಿಗೆ ಮುಗಿಯಿತು.

ಮಂಗಳವಾರ ಬೆಳಿಗ್ಗೆ ನಾಗಲಿಂಗಯ್ಯ ಕಾಲುವೆಯಲ್ಲಿ ತೆಳು ಪಂಚೆ ಒಡ್ಡಿ ಇಪ್ಪತ್ನಾಲ್ಕು ಬಿಳಿಚುಕ್ಕೆ ಹಿಡಿದ. ತೊಟ್ಟಿಯ ಮರಳು ಕೆದರಿ, ಕಲ್ಲುಗಳನ್ನು ಡೈರಿ ನೋಡದೆ ಹಾಕಿ, ನಡುವೆ ಗುಡ್ಡೆ ಎಬ್ಬಿಸಿದ. ಮಧ್ಯಾಹ್ನ ಸಣ್ಣ ಮೀನು ಇಳಿದವು. ಸಂಜೆ ಹಳದಿ ಜೋಡಿ ಇಳಿಯಿತು.

ಗಂಡು ಈಶಾನ್ಯಕ್ಕೆ ಹೋಯಿತು. ಕಲ್ಲಿರಲಿಲ್ಲ. ತೊಟ್ಟಿಯ ಉದ್ದಕ್ಕೂ ಎರಡು ಸಲ ತಿರುಗಿತು. ಒಂದು ಬಿಳಿಚುಕ್ಕೆಯ ಹಿಂದೆ ಬಿದ್ದು ಅರ್ಧ ದಾರಿಯಲ್ಲಿ ಇನ್ನೊಂದರ ಹಿಂದೆ ತಿರುಗಿ, ಎರಡನ್ನೂ ಬಿಟ್ಟು ಹೆಣ್ಣಿನ ಪಕ್ಕಕ್ಕೆ ಬಂದು ನಿಂತಿತು. ನಾಗಲಿಂಗಯ್ಯ ಗಡಿಯಾರ ಹಿಡಿದು ಕೂತಿದ್ದ. ಹಿಂದೆ ಒಂದು ಗಂಟೆಗೆ ಅರವತ್ತು ಸಲಕ್ಕೆ ಕಡಿಮೆ ಇಲ್ಲದೆ ಅಟ್ಟುತ್ತಿದ್ದದ್ದು ಆ ದಿನ ಹದಿನೇಳಕ್ಕೆ ಇಳಿಯಿತು. ಮೂರನೆಯ ದಿನ ಒಂಬತ್ತು. ಎಂಟನೆಯ ದಿನದವರೆಗೆ ಒಂದೂ ಸಾಯಲಿಲ್ಲ.

ಒಂಬತ್ತನೆಯ ದಿನ ಬುಧವಾರ ಬೆಳಿಗ್ಗೆ ಪೂರ್ವದ ಚಪ್ಪಡಿಯ ಮೇಲೆ ಮೊಟ್ಟೆಗಳಿದ್ದವು. ಸಾಸಿವೆ ಕಾಳಿನಂಥ, ತೆಳು ಹಳದಿಯ ಸುಮಾರು ಇನ್ನೂರು ಮೊಟ್ಟೆ, ಯಾರೋ ಕೈಯಾರೆ ಜೋಡಿಸಿದಂತೆ ಸಾಲುಸಾಲಾಗಿ. ಹೆಣ್ಣು ಮೇಲೆ ನಿಂತು ಪಕ್ಕದ ರೆಕ್ಕೆಯಿಂದ ನೀರು ಬೀಸುತ್ತಿತ್ತು. ನಾಲ್ಕು ನಿಮಿಷಕ್ಕೆ ಗಂಡು ಬಂದು ಪಕ್ಕಕ್ಕೆ ಒತ್ತಿದಾಗ ಜಾಗ ಬಿಟ್ಟುಕೊಟ್ಟಿತು. ಒಂದು ಕ್ಷಣವೂ ಮೊಟ್ಟೆಯ ಮೇಲೆ ಬೀಸುವುದು ನಿಲ್ಲಲಿಲ್ಲ. ಕೆಟ್ಟು ಬೆಳ್ಳಗಾದ ಮೊಟ್ಟೆಯನ್ನು ತುಟಿಯಲ್ಲಿ ಕಿತ್ತು ದೂರ ಉಗುಳಿ ಬರುತ್ತಿದ್ದವು. ಸರ್ಕಾರಿ ಆಸ್ಪತ್ರೆಯಲ್ಲಿ ಇಷ್ಟು ಶಿಸ್ತಾಗಿ ಪಾಳಿ ಬದಲಾಗುವುದನ್ನು ನಾಗಲಿಂಗಯ್ಯ ನೋಡಿರಲಿಲ್ಲ. ಹನ್ನೊಂದು ಮೀನು ಕೊಂದದ್ದಕ್ಕೆ ಅವುಗಳ ಮೇಲಿದ್ದ ಕೋಪ ಅಲ್ಲೇ ಇಳಿಯಿತು.

ಆದರೆ ಪಾಳಿ ಮುಗಿದ ಮೀನು ಸುಮ್ಮನಿರುತ್ತಿರಲಿಲ್ಲ. ಕಲ್ಲಿನ ಗುಡ್ಡೆ ದಾಟಿ ಬಂದು ಕಂಡಕಂಡದ್ದನ್ನು ಅಟ್ಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ನಾಲ್ಕೂ ಪಶ್ಚಿಮದ ಗಾಜಿಗೆ ಒತ್ತಿಕೊಂಡಿದ್ದವು. ಒಂದರ ಬಾಲ ಹರಿದಿತ್ತು. ಸಂಜೆಯೊಳಗೆ ಸಾಯುತ್ತದೆ ಎಂದು ಅನ್ನಿಸಿ ಅವನು ತಾನೇ ಗೊಲ್ಲರ ಹಟ್ಟಿಗೆ ಓಡಿದ.

ಕ್ಯಾತಮ್ಮ ಬಂದು ನೋಡಿ ಕೈಮುಗಿದಳು. "ತಾಯಾಗವಳೆ. ಮರಿ ಹಾಕಿದ ಕುರಿ ನಾಯಿಗೂ ಗುದ್ತದೆ ಸ್ವಾಮಿ. ತಪ್ಪು ಕುರೀದಲ್ಲ."

"ತಪ್ಪು ಯಾರದೋ, ಸಾಯೋದು ಇವು. ಬೇರೆ ಮಾಡಿದರೆ ಕರಾರು ಮುರೀತದೆ. ಜೊತೇಲೇ ಬದುಕಬೇಕು ಅಂತ ಮಾತು."

"ಬ್ಯಾರೆ ಯಾಕೆ ಮಾಡ್ತೀರಿ? ರೊಪ್ಪದಾಗೆ ಮರಿಗೆ ಸೊಪ್ಪು ಕಟ್ಟೋ ಕಡೆ ಒಂದು ಕಂಡಿ ಬುಡ್ತೀವಿ. ಮರಿ ನುಸೀತದೆ, ದೊಡ್ಡ ಕುರಿ ಆಗಾಕಿಲ್ಲ. ಇಲ್ಲೂ ತಟ್ಟಿ ಹಾಕಾನ. ಸಣ್ಣವು ಆ ಕಡೆ ಈ ಕಡೆ ಮನ ಬಂದಂಗೆ ಓಡಾಡ್ಲಿ. ದೊಡ್ಡವು ಮಾತ್ರ ಅಟ್ಟಬಾರ್ದು, ಅಷ್ಟೇ ತಾನೆ?"

ಪಟೇಲ ಬಿದಿರು ಕೊಡಿಸಿದ. ಕಟ್ಟಲು ಕತ್ತಾಳೆ ನಾರು ತಂದವನನ್ನು ಕ್ಯಾತಮ್ಮ ಗದರಿದಳು: ಕತ್ತಾಳೆ ರಸ ಬಿಟ್ಟರೆ ಮೀನೆಲ್ಲ ಮತ್ತು ಬಂದು ಸಾಯ್ತವೆ, ಹತ್ತಿ ನೂಲು ತನ್ನಿ. ಕಿರುಬೆರಳು ಹೋಗುವಷ್ಟು ಸಂದು ಬಿಟ್ಟು, ಸೀಳುಗಳನ್ನು ನೆಟ್ಟಗೆ ನಿಲ್ಲಿಸಿ, ರೊಪ್ಪದ ತಟ್ಟಿಯ ಹಾಗೆಯೇ ಕಟ್ಟಿದಳು. ಕಲ್ಲಿನ ಗುಡ್ಡೆಯನ್ನು ಪಕ್ಕಕ್ಕೆ ಸರಿಸಿದ ಮೇಲೆ ಒಂದೂವರೆ ಅಡಿ ಚೌಕದ ತಟ್ಟಿ ತೊಟ್ಟಿಯ ನಡುವೆ ಇಳಿಯಿತು.

ಹಳದಿ ಗಂಡು ನೇರವಾಗಿ ತಟ್ಟಿಗೆ ಬಂತು. ನಿಂತಿತು. ಆಮೇಲೆ ಬಾಗಿಲ ಸಂದಿಯಲ್ಲಿ ಕಾಗದ ತೂರಿದಷ್ಟು ಸಲೀಸಾಗಿ ಆಚೆಗೆ ದಾಟಿ ಹರಿದ ಬಾಲದ ಮೀನಿನ ಮೇಲೆ ಬಿತ್ತು.

"ಓಯ್ತು," ಎಂದ ಪಟೇಲ. "ನಿನ್ ತಟ್ಟಿ ಅವನಿಗೆ ಮಾವನ ಮನೆ ಹೆಬ್ಬಾಗ್ಲು ಆಯ್ತು ಕಣಮ್ಮ."

ಕ್ಯಾತಮ್ಮ ತಿರುಗಿ ನೋಡಲೂ ಇಲ್ಲ. ಕೈಯನ್ನು ನೀರಿಗೆ ಬಿಟ್ಟು ಹಳದಿ ಗಂಡಿಗೂ ಬಾಲ ಹರಿದದ್ದಕ್ಕೂ ನಡುವೆ ಅಡ್ಡ ಹಿಡಿದಳು. ಗಂಡು ಆಕೆಯ ಬೆರಳು ಕಚ್ಚಿತು. ಕಚ್ಚಿಸಿಕೊಂಡೇ ಅದನ್ನು ಮುಂದಿನಿಂದ ನೋಡಿದಳು, ಪಕ್ಕದಿಂದ ನೋಡಿದಳು.

"ಕುರಿ ಹೊಟ್ಟೆ ಪಕ್ಕಕ್ಕೆ. ಇದ್ರ ಹೊಟ್ಟೆ ಕೆಳೀಕ್ಕೆ," ಎಂದಳು. "ತಟ್ಟಿ ತಿರುಗ್ಸಿ."

ಗಂಡನ್ನು ಬಟ್ಟಲಲ್ಲಿ ಹಿಡಿದು ಈಚೆಗೆ ಬಿಟ್ಟು, ತಟ್ಟಿ ಎತ್ತಿ ಕಾಲು ಸುತ್ತು ತಿರುಗಿಸಿ ಇಳಿಸಿದರು. ತೊಟ್ಟಿಯ ಅಗಲವೂ ಎತ್ತರವೂ ಒಂದೇ ಆಗಿದ್ದರಿಂದ ಸರಿಯಾಗಿ ಕೂತಿತು. ಈಗ ಸೀಳುಗಳು ಅಡ್ಡಡ್ಡ. ಗಂಡು ಬಂತು, ಮೂತಿ ತೂರಿಸಿತು, ಬೆನ್ನೂ ಹೊಟ್ಟೆಯೂ ತಡೆದವು. ಓರೆಯಾಗಿ ಮಲಗಿ ನುಸುಳಲು ಅದಕ್ಕೆ ತೋಚಲಿಲ್ಲ. ಮೇಲಿನ ಸಂದು, ಕೆಳಗಿನ ಸಂದು, ಎಲ್ಲ ನೋಡಿ ಮೊಟ್ಟೆಗೆ ವಾಪಸು ಹೋಯಿತು. ಅಷ್ಟರಲ್ಲಿ ಒಂದು ಬಿಳಿಚುಕ್ಕೆ ನೀರಿನ ಮೇಲ್ಗಡೆಯ ಸಂದಿನಲ್ಲಿ ಈಚೆಗೆ ಬಂದು ಒಂದು ಸೊಳ್ಳೆಮರಿ ನುಂಗಿ, ಹಳದಿ ಹೆಣ್ಣು ತಿರುಗುವಷ್ಟರಲ್ಲಿ ಅದೇ ಸಂದಿನಲ್ಲಿ ಆಚೆ ಹೋಯಿತು.

ಹಳದಿ ಮೀನಿನ ಮೈ ದಪ್ಪ ಅರ್ಧ ಅಂಗುಲಕ್ಕೂ ಕಡಿಮೆ, ಎತ್ತರ ಒಂದೂಕಾಲು ಅಂಗುಲ. ಎರಡೂ ಅಳತೆ ಒಂಬತ್ತು ದಿನದಿಂದ ನಾಗಲಿಂಗಯ್ಯನ ಡೈರಿಯಲ್ಲಿದ್ದವು. ಬರೆದ ಅವನಿಗೆ ಹೊಳೆಯದ್ದು ಅಕ್ಷರ ಬಾರದ ಹೆಂಗಸಿಗೆ ಒಂದು ಸಲ ಬೆರಳು ಕಚ್ಚಿಸಿಕೊಂಡದ್ದರಲ್ಲಿ ಹೊಳೆದಿತ್ತು. ಅವನು ಎದ್ದು ನಿಂತು ಆಕೆಗೆ ಕೈಮುಗಿದ. "ಅಯ್ಯ, ನಂಗ್ಯಾಕೆ," ಎಂದು ಕ್ಯಾತಮ್ಮ ಬೆರಳು ಒರೆಸಿಕೊಂಡಳು.

ಬಾಲ ಹರಿದ ಮೀನು ಮೂರು ದಿನ ಮೂಲೆ ಬಿಡಲಿಲ್ಲ. ನಾಲ್ಕನೆಯ ದಿನ ಮಂದೆ ಸೇರಿತು. ಮೊಟ್ಟೆಗಳು ಒಡೆದು, ಹಳದಿ ಜೋಡಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಹೊತ್ತು ಮರಳಲ್ಲಿ ತೋಡಿದ ಗುಳಿಗೆ ಸಾಗಿಸಿದವು.

ಕರಾರಿನ ಮಂಗಳವಾರ ಸಂಜೆ ಚಾವಡಿ ತುಂಬ ಜನ. ಎಣಿಸಲು ಕೂತವನು ಪಟೇಲ ಅಡವಯ್ಯ. ಮೊದಲ ಸಲ ಇಪ್ಪತ್ತಮೂರು ಬಂತು, ಎರಡನೆಯ ಸಲ ಇಪ್ಪತ್ತೈದು. "ಒಂದು ಈದೈತೆ ಅನ್ಸುತ್ತೆ," ಎಂದು ಯಾರೋ ಹಿಂದಿನಿಂದ ಕೂಗಿದರು. ಮೂರನೆಯ ಸಲವೂ ನಾಲ್ಕನೆಯ ಸಲವೂ ಇಪ್ಪತ್ನಾಲ್ಕು.

ಓಬಳಯ್ಯ ತೊಟ್ಟಿಯ ಹತ್ತಿರ ಬಂದ. ಮರಳಿನ ಗುಳಿಯಲ್ಲಿ ಮಿಡುಕಾಡುವ ಮರಿಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ತಟ್ಟಿಯನ್ನು ತೋರಿಸಿದ.

"ಸ್ವಾಮಿ, ನಿಮ್ಮ ತೊಟ್ಟೀಲಿ ತಟ್ಟಿ ಐತೆ. ನನ್ನ ಬಾವೀಲಿಲ್ಲ. ಇದುನ್ನ ತೆಗೆದ್ರೆ ಏನಾಯ್ತದೆ?"

ಏನೂ ಆಗುವುದಿಲ್ಲ ಎಂದರೆ ಬಾವಿಗೆ ಆ ರಾತ್ರಿಯೇ ಒಪ್ಪಿಗೆ ಸಿಗುತ್ತಿತ್ತು. ನಾಗಲಿಂಗಯ್ಯ ಗಾಜಿನ ಮೇಲೆ ಕೈಯಿಟ್ಟುಕೊಂಡು ಹೇಳಿದ:

"ಬೆಳಗಾಗೋದರೊಳಗೆ ಒಂದೆರಡು ಸಾಯ್ತವೆ. ಮರಿ ಇರೋವರೆಗೂ ಹಾಗೇ. ಇಲ್ಲ ಅಂದರೆ ಸುಳ್ಳಾಗ್ತದೆ."

"ಅಂಗಾರೆ ಬಾವೀಲೂ ಸಾಯ್ತವೆ."

"ಹೋದ ವರ್ಷದ ಥರ ಬಿಟ್ಟರೆ ಸಾಯ್ತವೆ."

ಓಬಳಯ್ಯ ಪಟೇಲನ ಮುಖ ನೋಡಿದ. ಪಟೇಲ ನೆಲ ನೋಡಿದ. ಆಗ ಓಬಳಯ್ಯ ಬಾಗಿಲ ಹತ್ತಿರ ನಿಂತಿದ್ದ ಕ್ಯಾತಮ್ಮನ ಕಡೆ ತಿರುಗಿದ. ಅವನ ದನಿಯಲ್ಲಿ ಸವಾಲು ಇರಲಿಲ್ಲ.

"ಲೇ ಕ್ಯಾತಮ್ಮ, ಬಾವಿಗೆ ಎಷ್ಟು ತಟ್ಟಿ ಬೇಕಾದಾವು?"

"ನೀರಿಗಿಳಿದು ನೋಡ್ದೆ ಹೆಂಗೇಳ್ಲಣ್ಣ?"

"ನಾಳೆ ಬೆಳಿಗ್ಗೆ ಬಾ. ನಾನೇ ಇಳಿಸ್ತೀನಿ. ಸುಳ್ಳು ಹೇಳೋರಾಗಿದ್ರೆ ಈ ಇನಿಸ್ಪೆಟ್ರು ಈವೊತ್ತೇ ಹೇಳ್ತಿದ್ರು."

ಬುಧವಾರ ಬೆಳಿಗ್ಗೆ ಮೂವರೂ ಬಾವಿಗೆ ಇಳಿದರು. ನಾಲ್ಕು ಹಳದಿ ಜೋಡಿಗಳಿದ್ದವು. ನಾಲ್ಕೂ ಪೂರ್ವ ಮತ್ತು ಉತ್ತರದ ಗೋಡೆಯ ಬುಡದಲ್ಲಿ. ಸೊಳ್ಳೆಮರಿ ಇದ್ದದ್ದು ದಕ್ಷಿಣದ ಮೆಟ್ಟಿಲಲ್ಲಿ. ಕ್ಯಾತಮ್ಮ ದಕ್ಷಿಣದ ಮೆಟ್ಟಿಲಿನ ಉದ್ದಕ್ಕೂ ಕೋಲು ಹಿಡಿದು ಅಳೆದಳು. ಇಪ್ಪತ್ತೆರಡು ಅಡಿ. ಎರಡು ದಿನ ಊರಿನ ಗಂಡಸರು ಬಿದಿರು ಸೀಳಿದರು, ಹೆಂಗಸರು ನೂಲು ಸುತ್ತಿದರು. ಅಡ್ಡಡ್ಡ ಸಂದಿನ ಹನ್ನೊಂದು ತಟ್ಟಿಗಳನ್ನು ಕಲ್ಲು ಕಟ್ಟಿ ನಿಲ್ಲಿಸಿದರು. ನೀರು ಸೇದುವವರಿಗೆ ಪಶ್ಚಿಮದ ಮೆಟ್ಟಿಲು ಬಿಟ್ಟರು.

ಶುಕ್ರವಾರ ಮಧ್ಯಾಹ್ನ, ಯುಗಾದಿಗೆ ಎರಡು ದಿನ ಮೊದಲು, ಇನ್ನೂರ ಹತ್ತು ಬಿಳಿಚುಕ್ಕೆ ಆರು ಕೊಡದಲ್ಲಿ ಬಂದವು. ಮೊದಲ ಕೊಡ ಯಾರು ಬಗ್ಗಿಸಬೇಕು ಎಂದು ಪಟೇಲ ಕೇಳಿದ. ಓಬಳಯ್ಯ ತನ್ನ ಕೈಯಲ್ಲಿದ್ದ ಕೊಡವನ್ನು ಕ್ಯಾತಮ್ಮನ ಸೊಂಟಕ್ಕೆ ಕೊಟ್ಟು ತಾನು ಒಂದು ಮೆಟ್ಟಿಲು ಮೇಲೆ ನಿಂತ.

ಮೀನುಗಳು ಪಾಚಿಯೊಳಗೆ ಚದುರಿದವು. ಉತ್ತರದಿಂದ ಒಂದು ಹಳದಿ ಗಂಡು ತೇಲಿ ಬಂದು ತಟ್ಟಿಗೆ ಮೂತಿ ಒತ್ತಿ, ಅದರ ಉದ್ದಕ್ಕೂ ಹೋಗಿ, ಹಿಂತಿರುಗಿ ಆಳಕ್ಕೆ ಇಳಿಯಿತು. ನಾಗಲಿಂಗಯ್ಯ ಸೌಟಿನಲ್ಲಿ ನೀರು ಎತ್ತಿ ಎಣಿಸಿದ: ಹದಿನೆಂಟು ಸೊಳ್ಳೆಮರಿ. ಭಾನುವಾರ ಹಬ್ಬದ ದಿನ ಬೆಳಿಗ್ಗೆ ಅದೇ ಮೆಟ್ಟಿಲಲ್ಲಿ ಅದೇ ಸೌಟು ಮುಳುಗಿಸಿದಾಗ ನಾಲ್ಕು ಇದ್ದವು. ಸತ್ತು ತೇಲಿದ ಮೀನು ಒಂದೂ ಇರಲಿಲ್ಲ. ನೀರಿಗೆ ಬಂದವಳು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಕ್ಯಾತಮ್ಮನಿಗೆ ಅವನು ಸೌಟನ್ನು ಹಾಗೇ ಎತ್ತಿ ತೋರಿಸಿದ.

"ನಾಲ್ಕಾ?" ಎಂದಳು ಆಕೆ, ಬಗ್ಗಿ ನೋಡಿ. "ಅವನ್ನೂ ಮೀನಿಗೇ ಬುಟ್ಟುಬುಡಿ ಸ್ವಾಮಿ. ಹಬ್ಬ."